ಅಮ್ಮನ ಕಲ್ಲು ಹೊತ್ತ ದೋಣಿ

ಅಮ್ಮ ಸತ್ತಾಗಿನಿಂದ ಅವಳ ಸಮಾಧಿಕಲ್ಲು ನಮ್ಮ ಜೊತೆಗೇ ಮಲಗುತ್ತಿತ್ತು. ಮೊದಲು ಕಾರಿಯಾಕು ದ್ವೀಪದ ನಮ್ಮ ಮನೆಯ ನಡುಕೋಣೆಯಲ್ಲಿ, ಬಿಳಿ ದುಪ್ಪಟಿಯ ಕೆಳಗೆ. ಬಿರುಗಾಳಿ ಮನೆಯನ್ನು ಎತ್ತಿಕೊಂಡು ಹೋದ ಮೇಲೆ ನಮ್ಮ ಹಾಯಿದೋಣಿಯ ತಳದಲ್ಲಿ. ನಮ್ಮಲ್ಲಿ ಹೂಳಿದ ತಕ್ಷಣ ಯಾರೂ ಕಲ್ಲು ನೆಡುವುದಿಲ್ಲ. ಸತ್ತವರು ಕನಸಿಗೆ ಬಂದು ಕೇಳಬೇಕು, ಚದುರಿದ ನೆಂಟರು ಒಟ್ಟಾಗಬೇಕು, ಹಬ್ಬದ ಅಡುಗೆಯಾಗಬೇಕು. ಎಷ್ಟು ವರ್ಷವಾದರೂ ಸರಿ, ಕಲ್ಲು ಕಾಯುತ್ತದೆ.

ಗಾಳಿಗೆ ದೋಣಿ ಮಗುಚದಂತೆ ತಳದಲ್ಲಿ ಭಾರ ಬೇಕಲ್ಲ, ಅಣ್ಣ ಕಾಸ್ನೆಲ್ ಆ ಕಲ್ಲನ್ನೇ ಭಾರ ಮಾಡಿದ್ದ. "ಬದುಕಿದ್ದಾಗ ನಮ್ಮನ್ನ ನೆಟ್ಟಗೆ ನಿಲ್ಸಿದ್ಲು, ಈಗ ದೋಣೀನ ನಿಲ್ಸ್ತಾಳೆ ಬಿಡು" ಅನ್ನುತ್ತಿದ್ದ. ದೋಣಿಯ ಹೆಸರು 'ಹಂಗಿಲ್ಲದವಳು'. ಅಜ್ಜ ಕಡಲ ದಡದಲ್ಲೇ ಕೊಡಲಿಯಿಂದ ಕೆತ್ತಿ ಕಟ್ಟಿದ್ದು.

ಕ್ರಿಸ್ಮಸ್ ರಜೆ ಬಂತೆಂದರೆ ನಮ್ಮ ಕಡಲಿಗೆ ಪ್ರವಾಸಿಗರ ಬಿಳಿ ಬಿಳಿ ದೋಣಿಗಳು ಸಾಲುಗಟ್ಟಿ ಬರುತ್ತವೆ. ದೋಣಿಯಲ್ಲಿ ಬದುಕುವುದು ಆ ಜನರಿಗೆ ಕನಸಂತೆ. ನಾವು ಬದುಕಿದರೆ ಮಾತ್ರ ಸರ್ಕಾರದ ಪಟ್ಟಿಯಲ್ಲಿ 'ನಿರಾಶ್ರಿತರು'. ಅದೇ ನೀರು, ಅದೇ ಗಾಳಿ, ಹೆಸರು ಮಾತ್ರ ಬೇರೆ! ಆದರೂ ನಮ್ಮ ರಜೆಯೇನು ಕಡಿಮೆಯಲ್ಲ. ನಾನು ಪಾಠ ಹೇಳುವ ಶಾಲೆಗೆ ಬೀಗ ಹಾಕಿ ದೋಣಿ ಹತ್ತಿದೆನೆಂದರೆ, ಒಂದು ದ್ವೀಪದಲ್ಲಿ ನೆಂಟರ ಮನೆಯ ಹಂದಿಮಾಂಸ, ಇನ್ನೊಂದರಲ್ಲಿ ರಮ್ಮಿನಲ್ಲಿ ನೆನೆದ ಕಪ್ಪು ಕೇಕು, ಮೇಲೆ ಪುಂಡಿ ಹೂವಿನ ಕೆಂಪು ಶರಬತ್ತು.

ಈ ಸಲ ತಾಂತಿ ಇಸ್ಮೆಯ ಕನಸಿಗೆ ಅಮ್ಮ ಬಂದಳು. ತಾಂತಿ ಅಂದರೆ ಚಿಕ್ಕಮ್ಮ, ಅಮ್ಮನ ತಂಗಿ. ನಮ್ಮ ದೋಣಿಯ ಅರ್ಧ ಜಾಗ ಅವಳದ್ದೇ.

"ತಲೆದೆಸೆ ಖಾಲಿ ಐತೆ ಕಣೇ ಇಸ್ಮೆ ಅಂದ್ಲು. ಬೈದ್ಲು ಕೂಡ. ಸತ್ತರೂ ಬಾಯಿ ಸುಮ್ನಿಲ್ಲ."

ಅಮ್ಮ ಮಲಗಿರುವುದು ಅವಳು ಹುಟ್ಟಿದ ಪುಟ್ಟ ದ್ವೀಪ ಪೆಟಿ ಲಾಂಬಿಯಲ್ಲಿ. ಅದನ್ನೀಗ ಹೋಟೆಲಿನವರು ಗುತ್ತಿಗೆ ಹಿಡಿದಿದ್ದಾರೆ. ಅಲ್ಲಿ ಕಾವಲಿಗಿರುವ ನಮ್ಮ ದೊಡ್ಡಪ್ಪನ ಮಗ ಆಲ್ಫಿಯಸ್ ಫೋನ್ ಮಾಡಿದ: "ವೆರ್ಲಿನ್, ಹೊಸ ವರ್ಷ ಆಗ್ತಿದ್ದಂಗೆ ಸಮಾಧಿಗಳಿರೋ ಜಾಗ ಸಮ ಮಾಡಿ ಟೆನಿಸ್ ಅಂಗಳ ಮಾಡ್ತಾರಂತೆ. ಕಲ್ಲಿರೋ ಸಮಾಧಿ ಮುಟ್ಟಲ್ವಂತೆ. ಕಲ್ಲಿಲ್ಲದ್ದು ಬರೀ ಮಣ್ಣಿನ ಗುಡ್ಡೆಯಂತೆ."

ಬರೀ ಗುಡ್ಡೆ! ಕನಸಿಗೆ ಕಾಯುವ ಜನರನ್ನು ಇವರು ಕಂಡಿಲ್ಲ. ಕಲ್ಲು ಇಡದಿರುವುದು ಮರೆವಲ್ಲ, ಮರ್ಯಾದೆ ಎಂದು ಯಾರಿಗೆ ಹೇಳುವುದು? ಜನವರಿಗೆ ಮುಂಚೆ ಕಲ್ಲು ನಿಲ್ಲಬೇಕು, ಇಲ್ಲದಿದ್ದರೆ ಅಮ್ಮನ ಎದೆಯ ಮೇಲೆ ಯಾರೋ ಚೆಂಡು ಹೊಡೆಯುತ್ತಾರೆ.

ಕ್ರಿಸ್ಮಸ್ಸಿನ ಮರುದಿನ ಹೊರಟೆವು. ನೆಂಟರು ಅಡುಗೆಯ ಪಾತ್ರೆ, ಚರ್ಮದ ಡೋಲುಗಳೊಂದಿಗೆ ಸಣ್ಣ ದೋಣಿಗಳಲ್ಲಿ ಮೊದಲೇ ಹೋಗಿ ಮೂಡಣ ದಡಕ್ಕೆ ಇಳಿದಿದ್ದರು. ಸಣ್ಣ ದೋಣಿಯಲ್ಲಿ ಕಲ್ಲು ಸಾಗಿಸಿದರೆ ಆ ಅಲೆಗೆ ಕಲ್ಲೂ ಮುಳುಗುತ್ತದೆ, ದೋಣಿಯೂ ಮುಳುಗುತ್ತದೆ. ನಮ್ಮ ದೊಡ್ಡ ದೋಣಿಯೇ ಹೋಗಬೇಕು. ಆದರೆ ಪಡುವಣದಲ್ಲಿ ದೋಣಿ ಕಟ್ಟುವ ಜೆಟ್ಟಿಗೆ ಹೋಟೆಲಿನ ಬೀಗ. ಮೂಡಣದಲ್ಲಿ ಹವಳದ ದಿಬ್ಬ, ಅದರ ಮೇಲೆ ಸೊಂಟದಷ್ಟೂ ನೀರಿಲ್ಲ.

ದಿಬ್ಬದ ಮುಂದೆ ಅಣ್ಣ ಬಗ್ಗಿ ನೀರಿನ ಆಳ ನೋಡಿದ. ಕ್ರಿಸ್ಮಸ್ ಗಾಳಿ ಹಾಯಿಯನ್ನು ಹರಿಯುವಂತೆ ಬೀಸುತ್ತಿತ್ತು.

"ತಳ ಬಡಿಯುತ್ತೆ ವೆರ್ಲಿನ್. ಅಮ್ಮನ ಕಲ್ಲು ಕೆಳಕ್ಕೆ ಜಗ್ತಿದೆ."

"ನೆಟ್ಟಗಿದ್ದರೆ ಬಡಿಯುತ್ತೆ. ವಾಲಿಸಿದರೆ ತಳ ಮೇಲೇಳಲ್ವಾ?" ಅಂದೆ.

"ವಾಲಿಸೋಕೆ ಗಾಳಿಯೊಂದೇ ಸಾಲಲ್ಲ. ಹೊರಗಡೆ ಭಾರ ಬೇಕು. ಒಳ್ಳೇ ಭಾರ."

ಇಬ್ಬರೂ ಒಟ್ಟಿಗೆ ತಾಂತಿಯ ಕಡೆ ತಿರುಗಿದೆವು. ಅವಳು ಕೇಕು ಅಗಿಯುವುದನ್ನು ನಿಲ್ಲಿಸಿದಳು.

"ಏನು ನೋಡ್ತೀರಾ?"

"ತಾಂತಿ, ಹಾಯಿಯ ಅಡ್ಡಮರದ ತುದೀಲಿ ಕೂತ್ಕೋತೀಯಾ? ಮರ ನೀರಿನ ಮೇಲಕ್ಕೆ ಚಾಚ್ತೀನಿ" ಅಂದ ಅಣ್ಣ.

"ಹುಟ್ಟಿದಾಗಿಂದ ಆನೆ, ತಿಮಿಂಗಿಲ ಅಂತ ಆಡ್ಕೊಂಡ್ರಿ. ದೋಣಿ ಹತ್ತಿದ್ರೆ ಇಸ್ಮೆ ನಡೂಗೆ ಕೂತ್ಕೋ, ಮುಳುಗ್ತೀವಿ ಅಂದ್ರಿ. ಈಗ ಬೇಕಾದ್ನಾ?"

"ಈಗ ನೀನೇ ಬೇಕು."

"ಕೇಕಿನ ಡಬ್ಬಿ ಹಿಡ್ಕೊಳ್ಳೇ ವೆರ್ಲಿನ್. ಒದ್ದೆ ಮಾಡಿದ್ರೆ ಕೊಲ್ತೀನಿ."

ತಾಂತಿ ಲಂಗ ಸೊಂಟಕ್ಕೆ ಸಿಕ್ಕಿಸಿ, ಅಡ್ಡಮರದ ಮೇಲೆ ಕುದುರೆ ಏರಿದಂತೆ ಕೂತು, ತುದಿಯವರೆಗೆ ಜರುಗಿದಳು. ಅಣ್ಣ ಹಗ್ಗ ಸಡಿಲಿಸಿದ. ಮರ ಹೊರಕ್ಕೆ ಚಾಚಿಕೊಂಡಿತು. 'ಹಂಗಿಲ್ಲದವಳು' ನರಳಿದಳು, ವಾಲಿದಳು, ಇನ್ನೂ ವಾಲಿದಳು. ಒಂದು ಬದಿಯ ಅಂಚು ನೀರು ಕುಡಿಯಿತು. ತಾಂತಿಯ ಪಾದಗಳು ಅಲೆ ಸೀಳುತ್ತಿದ್ದವು.

"ಹೊಡೀ ಕಾಸ್ನೆಲ್! ನನ್ನಕ್ಕನ್ನ ಮನೆಗೆ ಮುಟ್ಸು!"

ತಳದಲ್ಲಿ ಹವಳ ಒಮ್ಮೆ ಕೆರೆಯಿತು. ನಾನು ಹಲ್ಲು ಕಚ್ಚಿದೆ. ಇನ್ನೊಮ್ಮೆ ಕೆರೆಯಿತು, ಉದ್ದಕ್ಕೆ, ಎಲುಬಿಗೆ ತಾಗುವ ಹಾಗೆ. ಆಮೇಲೆ ಸದ್ದೇ ಇಲ್ಲ. ಕೆಳಗೆ ಹಸಿರು ನೀರು, ಬಿಳಿ ಮರಳು. ದಾಟಿದ್ದೆವು! ದಡದ ಡೋಲುಗಳು ಒಮ್ಮೆಲೇ ಗುಡುಗಿದವು. ಹೋಟೆಲಿನ ಜಗಲಿಯಲ್ಲಿದ್ದ ಅತಿಥಿಗಳು ಎದ್ದು ನಿಂತು ಚಪ್ಪಾಳೆ ತಟ್ಟಿದರು. ತಮಗಾಗಿ ಏರ್ಪಡಿಸಿದ ಆಟ ಎಂದುಕೊಂಡರೋ ಏನೋ. ತಾಂತಿ ಅಡ್ಡಮರದ ತುದಿಯಿಂದಲೇ ರಾಣಿಯ ಹಾಗೆ ಕೈ ಬೀಸಿದಳು.

ಕಲ್ಲನ್ನು ದಡಕ್ಕೆ ಇಳಿಸುತ್ತಿದ್ದಂತೆ ಹೋಟೆಲಿನ ಮ್ಯಾನೇಜರ್ ಓಡಿಬಂದ. "ಆಲ್ಫಿಯಸ್! ತಡೆಯಪ್ಪಾ ಇವರನ್ನ!"

"ನೀವು ನಂಗೆ ಹೇಳಿರೋದು ಜೆಟ್ಟಿ ಕಾಯೋಕೆ ಸಾರ್. ಇವ್ರು ಜೆಟ್ಟಿಗೆ ಬಂದೇ ಇಲ್ವಲ್ಲ" ಅಂದ ಆಲ್ಫಿಯಸ್, ಟೋಪಿ ತೆಗೆದು ಜೇಬಿಗೆ ತುರುಕಿ, ಕಲ್ಲಿನ ಭಾರದ ಬದಿಗೇ ಹೆಗಲು ಕೊಟ್ಟ.

"ಇದು ಖಾಸಗಿ ಜಾಗ, ಅಮ್ಮಾ" ಎಂದು ಮ್ಯಾನೇಜರ್ ನನ್ನ ಕಡೆ ತಿರುಗಿದ.

"ಹೌದು, ಖಾಸಗಿಯೇ. ನಮ್ಮಮ್ಮ ಮಲಗಿದ್ದಾಳೆ. ಚಪ್ಪಲಿ ಬಿಟ್ಟು ಬನ್ನಿ" ಅಂದೆ.

ಜಗಲಿಯ ಚಪ್ಪಾಳೆ ಇನ್ನೂ ನಿಂತಿರಲಿಲ್ಲ. ಅಷ್ಟು ಜನರ ಕಣ್ಣೆದುರು ಒಂದು ಸಮಾಧಿಗೆ ಅಡ್ಡ ನಿಲ್ಲುವ ಧೈರ್ಯ ಅವನಿಗಿರಲಿಲ್ಲ. ಪಕ್ಕಕ್ಕೆ ಸರಿದ.

ಕಲ್ಲು ನಿಂತಿತು. ಜೆಫ್ರೀನ್ ಎಂಬ ಅಮ್ಮನ ಹೆಸರಿನ ಅಕ್ಷರಗಳಿಗೆ ಮೊದಲ ಸಲ ಬಿಸಿಲು ಬಿತ್ತು. ರಮ್ಮು ಸುರಿದೆವು, ನೀರು ಸುರಿದೆವು. ಉಪ್ಪಿಲ್ಲದ ಜೋಳದ ಮುದ್ದೆಯ ತಟ್ಟೆಯನ್ನು ಅವಳಿಗೆ ಮೊದಲು ಇಟ್ಟು, ಉಳಿದದ್ದನ್ನು ನಾವು ಉಂಡೆವು. ನೆಂಟರು ಪಕ್ಕದ ಗುಡ್ಡೆಗಳ ಸುತ್ತಲೂ ಶಂಖದ ಚಿಪ್ಪು ಜೋಡಿಸುತ್ತ, ಇದು ಯಾರದು, ಅದು ಯಾರದು ಎಂದು ಜೋರಾಗಿ ಹೆಸರು ಕೂಗಿದರು. ಹೆಸರಿಲ್ಲದ ಒಂದು ಗುಡ್ಡೆಯೂ ಅಲ್ಲಿ ಉಳಿಯಲಿಲ್ಲ. ಹೊಸ ವರ್ಷದೊಳಗೆ ಆ ಗುಡ್ಡೆಗಳ ಕಲ್ಲುಗಳೂ ಬರುತ್ತವೆ ಎಂದು ಆಲ್ಫಿಯಸ್ಸನೇ ಮ್ಯಾನೇಜರನಿಗೆ ತಿಳಿಸಿದ.

ಹೊರಡುವಾಗ ಅಣ್ಣ ತಲೆ ಕೆರೆದುಕೊಂಡ. "ಕಲ್ಲಿಲ್ಲದೆ ಈ ಗಾಳೀಲಿ ದೋಣಿ ಮಗುಚುತ್ತೆ. ಏನಾದ್ರೂ ಭಾರ ಬೇಕು."

"ನನ್ನನ್ನ ನೋಡ್ಬೇಡ" ಅಂದಳು ತಾಂತಿ.

ಆಲ್ಫಿಯಸ್ ಗದ್ದದಿಂದಲೇ ದಡದ ಕಡೆ ತೋರಿಸಿದ. ಅಲ್ಲಿ ದಪ್ಪ ಕಾಂಕ್ರೀಟಿನ ಬುಡದ ಮೇಲೆ ಒಂದು ಫಲಕ ನಿಂತಿತ್ತು: 'ಅತಿಥಿಗಳಿಗೆ ಮಾತ್ರ'.

ಈಗ ಅದು ನಮ್ಮ ದೋಣಿಯ ತಳದಲ್ಲಿ, ಅಮ್ಮನ ಕಲ್ಲಿದ್ದ ಜಾಗದಲ್ಲಿ, ಬೋರಲಾಗಿ ಮಲಗಿದೆ. ದೋಣಿಯನ್ನು ಚೆನ್ನಾಗಿಯೇ ನಿಲ್ಲಿಸುತ್ತದೆ. ತಾಂತಿ ಅದರ ಮೇಲೆಯೇ ಕೂತು ಮೀನು ಹೆಚ್ಚುತ್ತಾಳೆ.