ಉಗುರಿನ ಬುಡದ ನೀಲಿ

ಯರ್ರಿಸ್ವಾಮಿ ಹೆಂಡತಿಯ ಸೆರಗಿನ ತುದಿಯನ್ನು ಎರಡು ಬೆರಳಲ್ಲಿ ಹಿಡಿದು ಕಿಟಕಿಯ ಬೆಳಕಿಗೆ ತಂದ.

“ಬಸ್ಸಿನಾಗ ನಿನ್ನ ಮಗ್ಗಲಿಗೆ ಒಂದು ಕೂಸಿತ್ತು. ಬಿಸ್ಕತ್ತು ತಿಂತಿತ್ತು. ನೀ ಅದನ್ನ ತೊಡಿಮ್ಯಾಗ ಕುಂದ್ರಿಸ್ಕೊಂಡಿದ್ದಿ.”

ನಾಗವೇಣಿ ನಕ್ಕಳು. ಬೆಂಗಳೂರಿನ ಬಸ್ಸಿಳಿದು ಬಂದವಳು ಇನ್ನೂ ಮುಖ ತೊಳೆದಿರಲಿಲ್ಲ. “ಹೌದ್ರಿ. ನಿಮಗ ಹೆಂಗ ಗೊತ್ತಾತು?”

“ಸೆರಗಿನ ಪುಡಿ ಹೇಳ್ತು.”

ಅವನಿಗೆ ಬೇಕಾಗಿದ್ದುದು ಆ ಪ್ರಶ್ನೆಯೇ. ಆಂಧ್ರದ ಗಡಿಯೂರು ರಾಯದುರ್ಗದಲ್ಲಿ ಜೀನ್ಸ್ ಹೊಲಿಗೆ ಕಮ್ಮಿಯಾದಾಗ ಅವಳು ಅದೇ ಕೆಲಸಕ್ಕೆ ಬೆಂಗಳೂರಿನ ಬಟ್ಟೆ ಫ್ಯಾಕ್ಟರಿಗೆ ಹೋಗಿದ್ದಳು. ಅವನು ಮುಂದಿನ ಕೋಣೆಯ ಹೊಲಿಗೆ ಮಿಷನ್ನಿನ ಜೊತೆ ಇಲ್ಲೇ ಉಳಿದಿದ್ದ. ಸಂಜೆ ಮಿಷನ್ ನಿಂತರೆ ಮನೆ ಬಿಕೋ ಎನ್ನುತ್ತಿತ್ತು. ಅದನ್ನು ತಾಳಲಾರದೆ ಲೈಬ್ರರಿಯ ಕನ್ನಡದ ಕಪಾಟಿನಿಂದ ಒಂದು ಪತ್ತೇದಾರಿ ಕಾದಂಬರಿ ತಂದ. ನೂರು ವರ್ಷಕ್ಕೂ ಹಳೆಯ ಇಂಗ್ಲೆಂಡಿನ ಕಥೆ, ಯಾರೋ ಕನ್ನಡಕ್ಕೆ ತಂದದ್ದು. ಅರ್ಧ ಓದುವುದರೊಳಗೆ ಕೊಲೆಗಾರ ಯಾರೆಂದು ಹೊಳೆಯಿತು. ಇಷ್ಟು ಸಿನಿಮಾ ನೋಡಿದವನಿಗೆ ಹೊಳೆಯದಿದ್ದೀತೆ? ಆದರೂ ಕೆಳಗಿಡಲಾಗಲಿಲ್ಲ. ಪತ್ತೇದಾರ ಯಾರದೋ ಜಡ್ಡುಗಟ್ಟಿದ ಅಂಗೈ ನೋಡಿ ಇವನು ಬಡಗಿ ಎನ್ನುತ್ತಿದ್ದ. ಅವನು ಬಡಗಿಯೇ ಆಗಿರುತ್ತಿದ್ದ. ಯರ್ರಿಸ್ವಾಮಿಗೆ ಹೊಟ್ಟೆಕಿಚ್ಚಾದದ್ದು ಆ ಜಾಣತನ ಕಂಡಲ್ಲ. ಪಕ್ಕದಲ್ಲಿ ಕೂತು ‘ಹೇಗೆ ಗೊತ್ತಾಯಿತು?’ ಎಂದು ಕೇಳಲು ಆ ಪತ್ತೇದಾರನಿಗೆ ಒಬ್ಬ ಗೆಳೆಯನಿದ್ದ.

ನೀವೂ ಇಲ್ಲಿಗೇ ಬಂದುಬಿಡ್ರಿ ಎಂದು ಅವಳು ಫೋನಿನಲ್ಲಿ ಕರೆಯುತ್ತಲೇ ಇದ್ದಳು. ಅವನು ಒಲ್ಲೆ ಎನ್ನುತ್ತಲೇ ಇದ್ದ. ಈಗ ಮನಸ್ಸು ತಿರುಗಿತ್ತು, ಮಿಷನ್ನಿಗೆ ಗಿರಾಕಿಯನ್ನೂ ನೋಡಿಟ್ಟಿದ್ದ. ಅವಳಿಗೆ ಹೇಳಿರಲಿಲ್ಲ. ಪತ್ತೇದಾರ ಎಲ್ಲರನ್ನೂ ಕೂರಿಸಿ, ಕಾಯಿಸಿ, ಕಡೆಗೆ ಬಾಯಿ ಬಿಡುವ ಹಾಗೆ ಊಟವಾದ ಮೇಲೆ ಹೇಳಬೇಕೆಂದಿದ್ದ.

“ಈಗ ಕೈ ತೋರ್ಸು.”

“ಜ್ಯೋತಿಷ್ಯನೂ ಕಲ್ತೀರೇನು? ನನ್ನ ಗಂಡಗ ಬುದ್ಧಿ ಯಾವಾಗ ಬರ್ತೈತಿ ನೋಡಿ ಹೇಳ್ರಿ.”

ಅವನು ಉಗುರುಗಳನ್ನು ನೋಡಿದ. ಈ ಊರಿನಲ್ಲಿ ಜೀನ್ಸ್ ಹೊಲಿಯುವವರ ಉಗುರಿನ ಬುಡದಲ್ಲಿ ನೀಲಿ ಕೂತಿರುತ್ತದೆ. ಮದುವೆಯ ಅರಿಶಿನದ ಅಡಿಯಲ್ಲೂ ಕಾಣುತ್ತದೆ. ಅವನ ಉಗುರಿನಲ್ಲಿ ಇತ್ತು. ಅವಳದು ಸ್ಕೂಲು ಟೀಚರಮ್ಮನ ಉಗುರಿನ ಹಾಗೆ ಬೆಳ್ಳಗಿತ್ತು.

ಹುಡುಗಾಟ ಅವನ ದನಿಯಿಂದ ಹೊರಟುಹೋಯಿತು. “ನೀ ಜೀನ್ಸ್ ಮುಟ್ಟಿ ಭಾಳ ದಿನ ಆಗೈತಿ.”

“ಹೌದು.”

“ಫೋನ್ ಮಾಡಿದಾಗೆಲ್ಲ ಫ್ಯಾಕ್ಟರ್ಯಾಗ ಅದೀನಿ ಅಂತಿದ್ದಿ. ಮುಂಜಾನೆ ಎದ್ದು ಎಲ್ಲಿಗೆ ಹೋಗ್ತಿ? ಯಾರ ಜೋಡಿ?”

ಅವಳು ಕೈ ಎಳೆದುಕೊಳ್ಳಲಿಲ್ಲ. ಅವನ ಹಿಡಿತದಲ್ಲಿದ್ದ ಬೆರಳುಗಳನ್ನು ತಾನೂ ನೋಡಿದಳು.

“ನನ್ನ ಬಿಳಿ ಅಂಗಿ ಹೊಲಿಯೋ ಲೈನಿಗೆ ಹಾಕ್ಯಾರ್ರಿ. ಬಟ್ಟಿಗೆ ನೀಲಿ ಕಲಿ ಹತ್ತತೈತಂತ. ಗೇಟಿನಾಗ ಸೂಪರ್‌ವೈಸರ್ ದಿನಾ ಹಿಂಗ ಕೈ ಹಿಡಿದು, ಉಗುರು ನೋಡಿ ಒಳಗ ಬಿಡ್ತಾನ. ಬ್ರಶ್ ಹಾಕಿ ತಿಕ್ಕಿ ತಿಕ್ಕಿ ಬೆರಳೆಲ್ಲ ಕಿತ್ತು ಹೋಗಿದ್ವು.”

ಅವನು ಕೈ ಬಿಟ್ಟ. ಪುಸ್ತಕದ ಬಡಗಿ ಸಾಯುವತನಕ ಬಡಗಿ. ಅಲ್ಲಿ ಯಾರನ್ನೂ ಒಂದು ಲೈನಿನಿಂದ ಇನ್ನೊಂದು ಲೈನಿಗೆ ಹಾಕುತ್ತಿರಲಿಲ್ಲ.

“ನನಗ ಒಂದು ಮಾತು ಹೇಳಬಾರದಿತ್ತೇನು?”

“ಬೆರಳು ಉರಿತಾವ್ರಿ ಅಂತ ಹೇಳಿದ್ದೆ. ನೀವು ಯಾವನೋ ಬಡಗಿ ಕತಿ ಹೇಳಾಕ ಹತ್ತಿದ್ರಿ.”

ಅವಳು ಹಿತ್ತಿಲಿಗೆ ಹೋಗಿ ಮುಖಕ್ಕೆ ನೀರು ಎರಚಿಕೊಂಡಳು. ಅವನು ಟವೆಲ್ ಹಿಡಿದು ಹೊಸ್ತಿಲ ಮೇಲೆ ನಿಂತ. ಊಟದ ತನಕ ಕಾಯುವ ಧೈರ್ಯ ಉಳಿದಿರಲಿಲ್ಲ.

“ನಾಗಾ, ಮಿಷನ್ ಮಾರಿಬಿಡ್ತೀನಿ. ನಿನ್ನ ಜೋಡಿ ಬೆಂಗಳೂರಿಗೆ ಬರ್ತೀನಿ. ಅಲ್ಲೇ ಇರೋಣು.”

ಅವಳು ಟವೆಲ್ಲಿಗೆ ಕೈ ಚಾಚಲಿಲ್ಲ. ಗಲ್ಲದಿಂದ ನೀರು ತೊಟ್ಟಿಕ್ಕುತ್ತಿತ್ತು.

“ಬ್ಯಾಡ್ರಿ,” ಅಂದಳು. “ನೀವು ಬರಬ್ಯಾಡ್ರಿ. ಉಗುರು ನೋಡಾಕ ಗೇಟಿನಾಗ ಒಬ್ಬ ಅದಾನ.”