ಡಿಸ್ಕ್ ತುಂಬಿಸುವ ಕೆಲಸ

ಡಿಸ್ಕಿನಲ್ಲಿ ಜಾಗವೇ ಇಲ್ಲದಾಗ ನಮ್ಮ ಸಾಫ್ಟ್‌ವೇರ್ ಏನು ಮಾಡುತ್ತದೆಂದು ನೋಡುವುದು ನನ್ನ ಕೆಲಸ. ಬೆಳಿಗ್ಗೆಯೆಲ್ಲ ಕೂತು, ಪರೀಕ್ಷೆಗೆಂದೇ ಇಟ್ಟ ಕಂಪ್ಯೂಟರಿಗೆ ಕೆಲಸಕ್ಕೆ ಬಾರದ ಫೈಲುಗಳನ್ನು ಕಂಠಪೂರ್ತಿ ತುರುಕಿದೆ. ಚಹಾ ಕುಡಿದು ಬರುವಷ್ಟರಲ್ಲಿ ಎಲ್ಲ ಮಾಯ. ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಅಣ್ಣ ಗುಡಿಸಿ ಹಾಕಿದ್ದರು.

"ತುಂಬೋಗಿತ್ತಮ್ಮ. ನಾನೇ ಕ್ಲೀನ್ ಮಾಡ್ದೆ."

"ಬೇಕಂತಲೇ ತುಂಬಿಸಿದ್ದು ಅಣ್ಣ. ದಯವಿಟ್ಟು ಮುಟ್ಟಬೇಡಿ."

ಮತ್ತೆ ತುಂಬಿಸಿದೆ. ಊಟ ಮುಗಿಸಿ ಬಂದರೆ ಮತ್ತೆ ಖಾಲಿ.

"ಡಿಸ್ಕ್ ತುಂಬ್ತು ಅಂತ ಅಲಾರಂ ಹೊಡ್ಕೊಂಡ್ರೆ ನನ್ನ ಕೈ ಸುಮ್ನಿರಲ್ಲಮ್ಮ," ಎಂದರು ಅಣ್ಣ.

ನನಗೆ ರೇಗಿಹೋಯಿತು. "ಡಿಸ್ಕ್ ತುಂಬಿದ್ರೆ ಸಾಕು, ಅಣ್ಣ ಬಂದು ನನ್ನ ಕೆಲಸ ಹಾಳು ಮಾಡ್ತಾರೆ. ಏನಾದ್ರೂ ಮಾಡಿ ಸಾರ್," ಎಂದು ಮ್ಯಾನೇಜರ್ ಮುಂದೆ ಕೂಗಾಡಿದೆ.

ಮರುದಿನ ಇಬ್ಬರೂ ನನ್ನ ಮೇಜಿನ ಹತ್ತಿರ ನಗುತ್ತಾ ನಿಂತಿದ್ದರು.

"ಹತ್ತರಷ್ಟು ದೊಡ್ಡ ಡಿಸ್ಕ್ ಹಾಕ್ಸಿದೀವಿ," ಎಂದರು ಮ್ಯಾನೇಜರ್. "ಇನ್ನು ಈ ಜನ್ಮದಲ್ಲಿ ತುಂಬಲ್ಲ. ಆರಾಮಾಗಿ ಟೆಸ್ಟ್ ಮಾಡಮ್ಮ."