ನಗು ಬರುವ ಜಾಗ

ಸ್ಟ್ರಿಕ್ಲರ್ ವಕೀಲ ಹೆಂಗಸಿನ ದನಿ ಮಾಡಿಕೊಂಡು, “ಟೋಪಿ ನೀನೇ ಇಟ್ಕೊ, ತಲೆ ನಂದು” ಎಂದು ಚಿತ್ರಕಥೆಯ ಹಾಳೆಯಿಂದ ಓದಿದಾಗ ಕೋರ್ಟಿನಲ್ಲಿ ಮೂರನೆಯ ಸಲ ನಗು ಎದ್ದಿತು. ನ್ಯಾಯಾಧೀಶರೂ ಕರವಸ್ತ್ರದಿಂದ ಬಾಯಿ ಮುಚ್ಚಿಕೊಂಡರು. ಆ ಚಿತ್ರವನ್ನು ಅವರು ಫೆಬ್ರವರಿಯಲ್ಲಿ ಹೆಂಡತಿಯ ಜೊತೆ ನೋಡಿದ್ದರಂತೆ; ಬೆಳಿಗ್ಗೆ ಅವರೇ ಹೇಳಿದ್ದರು.

ಸಾಕ್ಷಿಯ ಕುರ್ಚಿಯಲ್ಲಿ ಕೂತಿದ್ದ ಸ್ಟುಡಿಯೋದ ಸ್ಟೆನೊ ವೀಡಾ ಕಿಂಬಲ್ ಮಾತ್ರ ನಗಲಿಲ್ಲ. ಆ ಮಾತನ್ನು ಮೊದಲು ಕೇಳಿಸಿಕೊಂಡವಳು ಅವಳು, ಮೊದಲು ಬರೆದುಕೊಂಡವಳೂ ಅವಳೇ. ಕೆಳಗಿನ ಮೇಜಿನ ಎಡಕ್ಕೆ ಲೊರೀನ್ ಹೋಲ್ಕಂಬ್ ಬೂದು ಬಣ್ಣದ ಕೈಗವಸು ಹಾಕಿಕೊಂಡು ನೆಟ್ಟಗೆ ಕೂತಿದ್ದಳು. ಬಲಕ್ಕೆ ಅವಳ ಗಂಡ ಗಿಲ್; ಸ್ಟ್ರಿಕ್ಲರ್ ಅವನ ವಕೀಲ. ನಗು ಎದ್ದಾಗಲೆಲ್ಲ ಅವನು ಹಿಂದಿನ ಬೆಂಚುಗಳ ಕಡೆ ತಿರುಗಿ ಸ್ವಲ್ಪ ತಲೆ ಬಾಗಿಸುತ್ತಿದ್ದ. ನಗಿಸಿದ ಮಾತು ಹೆಂಡತಿಯದು, ವಂದನೆ ಮಾತ್ರ ಗಂಡನದು. ಹದಿನಾಲ್ಕು ಚಿತ್ರಗಳಿಂದಲೂ ಹಾಗೇ ನಡೆದುಬಂದಿತ್ತು.

ಲಾಸ್ ಏಂಜಲೀಸಿನಲ್ಲಿ ವಿಚ್ಛೇದನ ಎನ್ನುವುದು ಹತ್ತು ನಿಮಿಷದ ಕೆಲಸ. ಗಂಡ ಕೋರ್ಟಿಗೆ ಬರುವುದಿಲ್ಲ, ಹೆಂಡತಿ ಕಣ್ಣೊರೆಸಿಕೊಂಡು ನನ್ನ ಗಂಡ ಕ್ರೂರಿ ಎನ್ನುತ್ತಾಳೆ, ಗೆಳತಿಯೊಬ್ಬಳು ಹೌದು ಎನ್ನುತ್ತಾಳೆ, ಮುಗಿಯಿತು. ಆದರೆ ಗಿಲ್ ಬಂದಿದ್ದ. ಹೆಂಡತಿ ಹೋದರೆ ತನ್ನ ಲೇಖನಿಯೂ ಹೋಗುತ್ತದೆ ಎಂದು ಅವನಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಕೇಸು ಬಿದ್ದುಹೋದರೆ ಲೊರೀನ್ ಮತ್ತೆ ಅವನ ಹೆಂಡತಿಯೇ. ಸ್ಟುಡಿಯೋದ ಅದೇ ಬಂಗಲೆ, ಅದೇ ಮೇಜು, ಅದೇ ಡ್ರಾಯರು. ಬರೆಯುವುದು ಅವಳು, ಹೆಸರು ಅವನದು.

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂಬುದನ್ನು ಇಡೀ ಊರೇ ನಂಬಿ ಬದುಕುತ್ತಿದ್ದ ಕಾಲ ಅದು. ಸೆನ್ಸಾರಿನ ಕಟ್ಟಳೆಯಿಂದಾಗಿ ಚಿತ್ರದಲ್ಲಿ ಗಂಡ ಹೆಂಡತಿಯನ್ನು ಒಂದೇ ಮಂಚದ ಮೇಲೆ ತೋರಿಸುವಂತಿರಲಿಲ್ಲ. ಆದ್ದರಿಂದ ಎಲ್ಲರೂ ಜಗಳವನ್ನೇ ತೋರಿಸಿದರು. ಮೊದಲ ಭಾಗದಲ್ಲಿ ವಿಚ್ಛೇದನ, ಕೊನೆಯ ಭಾಗದಲ್ಲಿ ಅದೇ ಗಂಡನ ತೋಳು. ಇಂಥ ಕಥೆ ಹೇಳಿ ಊರಿನವರ ಕಣ್ಣಲ್ಲಿ ನೀರು ಬರುವಂತೆ ನಗಿಸುತ್ತಿದ್ದವರೆಲ್ಲ ಮೂರನೆಯ ಹೆಂಡತಿಯ ಜೊತೆ ಊಟಕ್ಕೆ ಕೂರುತ್ತಿದ್ದರು.

“ಮಿಸ್ ಕಿಂಬಲ್, ಇವರಿಬ್ರೂ ಹೇಗೆ ಬರೀತಾ ಇದ್ರು? ಸ್ವಾಮಿಯವರಿಗೆ ಹೇಳಿ” ಎಂದ ಸ್ಟ್ರಿಕ್ಲರ್.

“ಬಾಯಲ್ಲೇ ಬರೀತಿದ್ರು ಸಾರ್. ಅವರು ಗಂಡ ಆಗ್ತಿದ್ರು, ಮೇಡಂ ಹೆಂಡತಿ ಆಗ್ತಿದ್ರು. ಎದುರುಬದುರು ನಿಂತ್ಕೊಂಡು ಜಗಳ ಆಡೋರು. ನಾನು ಶಾರ್ಟ್‌ಹ್ಯಾಂಡಲ್ಲಿ ಬರ್ಕೊಳ್ತಿದ್ದೆ.”

“ಹಾಗಾದ್ರೆ ಜಗಳ ಆಡೋದೇ ಅವರ ಕೆಲಸ?”

“ಹೌದು.”

“ಹೋದ ಜೂನಲ್ಲಿ ನಡೀತು ಅಂತ ನೀವು ಹೇಳೋ ಆ ದೊಡ್ಡ ಕ್ರೌರ್ಯ, ಟೋಪಿ, ಬಾಗಿಲು, ಡ್ರಾಯರು, ಎಲ್ಲ ಈ ಹಾಳೇಲಿದೆ. ಟೈಪ್ ಮಾಡಿದ್ದು ಯಾರು?”

“ನಾನೇ.”

“ಡ್ರಾಯರಿಗೆ ಸಿಕ್ಕಿಹಾಕ್ಕೊಳ್ಳೋದು ಯಾರದ್ದು? ಏನು?”

ವೀಡಾ ತಡೆದು ಹೇಳಿದಳು. “ಹಾಳೇಲಿ, ಗಂಡನ ಟೈ.”

ನಾಲ್ಕನೆಯ ನಗು. ಆ ಟೈ ಎಲ್ಲರಿಗೂ ನೆನಪಿತ್ತು. ಗಂಡ ಮೇಜಿನ ಮೇಲೆ ಬಾಗಿ ಗದರುತ್ತಿರುವಾಗ ಹೆಂಡತಿ ಮೆಲ್ಲಗೆ ಡ್ರಾಯರು ಮುಚ್ಚಿ ಬೀಗ ಹಾಕುತ್ತಾಳೆ; ಅವನು ಮೇಜನ್ನೇ ಎಳೆದುಕೊಂಡು ಅವಳ ಹಿಂದೆ ಓಡುತ್ತಾನೆ. ಊರೂರಿನಲ್ಲಿ ಜನ ಆ ಜಾಗಕ್ಕೆ ಬಿದ್ದು ಬಿದ್ದು ನಕ್ಕಿದ್ದರು.

“ಟೈ ಅಲ್ಲ ಸಾರ್, ನಿಜವಾಗಿ ಮೇಡಂ ಅವರ ಬೆರಳು.”

“ನಿಜವಾಗಿ!” ಸ್ಟ್ರಿಕ್ಲರ್ ಬೆಂಚುಗಳ ಕಡೆ ತಿರುಗಿದ. “ಡಾಕ್ಟರ ಚೀಟೀಲಿ ಕಾರಿನ ಬಾಗಿಲು ಅಂತಿದೆ. ಹೇಳಿದ್ದು ನಿಮ್ಮ ಮೇಡಮ್ಮೇ. ಹಾಳೇಲಿ ಟೈ ಅಂತಿದೆ, ಟೈಪ್ ಮಾಡಿದ್ದು ನೀವೇ. ಈಗ ಬೆರಳು ಅಂತೀರಿ. ಮುಂದಿನ ವಾರ ಏನಮ್ಮ, ಕತ್ತಾ?”

ಗಿಲ್ ಕೂತಲ್ಲಿಂದಲೇ, “ಎರಡನೇ ಭಾಗಕ್ಕೆ ಇಟ್ಕೊಳೋಣ” ಎಂದ. ನ್ಯಾಯಾಧೀಶರು ಸುತ್ತಿಗೆ ಬಡಿದರು, ಆದರೆ ನಗು ಇಳಿಯುವವರೆಗೆ ಕಾದು ಬಡಿದರು.

“ನೋಡಮ್ಮ,” ಎಂದರು ಅವರು ಬೇಸರದಿಂದ, “ನೀನು ಸುಳ್ಳು ಹೇಳ್ತಿದ್ದೀಯ ಅಂತ ನಾನು ಅನ್ನಲ್ಲ. ಎಂಟು ವರ್ಷ ದಿನಾ ಜಗಳ ಕೇಳಿದ್ದೀಯ. ಯಾವ್ದು ಆಟ, ಯಾವ್ದು ನಿಜ ಅಂತ ನಿನಗೇ ಗೊತ್ತಾಗದೆ ಹೋಗಿರಬಹುದು. ನೆನಪು ಸಾಕಾಗಲ್ಲ. ನಿನ್ನ ಹತ್ರ ಬೇರೆ ಏನಾದ್ರೂ ಇದೆಯಾ?”

ಅವರು ಹೇಳಿದ್ದರಲ್ಲಿ ಅರ್ಧ ಸರಿ. ವೀಡಾಳ ಎದೆಗೆ ಚುಚ್ಚಿದ್ದೂ ಆ ಅರ್ಧವೇ. ಆ ಮಧ್ಯಾಹ್ನ ಬಂಗಲೆಯಲ್ಲಿ ಅವಳು ಗಂಡ ಹೆಂಡತಿಯಿಂದ ನಾಲ್ಕು ಅಡಿ ದೂರದಲ್ಲಿದ್ದಳು. ಡ್ರಾಯರು ಮುಚ್ಚಿದ ಸದ್ದು ಕೇಳಿತು. ಗಿಲ್ ಡ್ರಾಯರಿಗೆ ಸೊಂಟ ಒತ್ತಿ ನಿಂತದ್ದು ಕಾಣಿಸಿತು. ಅವಳು ಏಳಲಿಲ್ಲ. ಒಳ್ಳೇ ದೃಶ್ಯ ಬರುತ್ತಿದೆ ಎಂದುಕೊಂಡಳು. ಕೈ ಬರೆಯುತ್ತಲೇ ಇತ್ತು. ಸಂಜೆ ಎಂದಿನಂತೆ ಲೊರೀನ್ ಎಂದಿದ್ದಲ್ಲಿ ನಾಯಕಿಯ ಹೆಸರು, ಗಿಲ್ ಎಂದಿದ್ದಲ್ಲಿ ನಾಯಕನ ಹೆಸರು ಹಾಕಿ ಟೈಪ್ ಮಾಡಿಕೊಟ್ಟಳು. ಮರುದಿನ ಗಿಲ್ ಹೆಂಡತಿಯ ಕೈ ಎಂದಿದ್ದುದನ್ನು ಪೆನ್ಸಿಲಿನಿಂದ ಹೊಡೆದುಹಾಕಿ ಗಂಡನ ಟೈ ಎಂದು ತಿದ್ದಿ ಕೊಟ್ಟ; ಅವಳು ಹಾಗೇ ಮತ್ತೆ ಟೈಪ್ ಮಾಡಿದಳು. ಅದೇ ದಿನ ಲೊರೀನ್ ಎರಡು ಬೆರಳಿಗೆ ಕಟ್ಟು ಕಟ್ಟಿಕೊಂಡು ಬಂದಾಗಲೇ ವೀಡಾಗೆ ಅರ್ಥವಾದದ್ದು. ತನ್ನ ಮೇಲೆ ತನಗೇ ಅಷ್ಟು ಹೇಸಿಗೆ ಅವಳಿಗೆ ಹಿಂದೆಂದೂ ಆಗಿರಲಿಲ್ಲ.

“ಇದೆ ಸ್ವಾಮಿ” ಎಂದು ಅವಳು ಚೀಲದಿಂದ ಸ್ಯಾಂಡ್‌ವಿಚ್ಚಿನ ಪೊಟ್ಟಣ ಹೊರಗಿಟ್ಟು, ಅದರ ಕೆಳಗಿದ್ದ ಹಸಿರು ರಟ್ಟಿನ ನೋಟ್‌ಬುಕ್ಕು ತೆಗೆದಳು.

ಗಿಲ್‌ನ ಮುಖದ ಮೇಲಿದ್ದ ನಗು ಅಲ್ಲೇ ನಿಂತಿತು. “ವೀಡಾ, ಅದು ಸ್ಟುಡಿಯೋದ್ದು. ಒಳಗಿಡು.”

“ಈ ಪುಸ್ತಕ ಯಾರದ್ದು?” ಸ್ಟ್ರಿಕ್ಲರ್ ಕೇಳಿದ.

“ಸ್ಟುಡಿಯೋದ್ದು. ಪ್ರತಿ ಶನಿವಾರ ಕಪಾಟಿಗೆ ಹಾಕಿ ಬೀಗ ಹಾಕ್ಬೇಕು.”

“ಯಾರ ಅಪ್ಪಣೆ ತಗೊಂಡು ತಂದ್ರಿ?”

“ಯಾರದ್ದೂ ಇಲ್ಲ. ಕದ್ದೆ.”

“ಸೋಮವಾರ ನಿನ್ನ ಕುರ್ಚಿ ಇರಲ್ಲ, ತಿಳ್ಕೊ!” ಗಿಲ್ ಎದ್ದು ನಿಂತ. “ಈ ಊರಲ್ಲಿ ಯಾವ ಸ್ಟುಡಿಯೋನೂ ನಿನ್ನ ಗೇಟಿನೊಳಗೆ ಬಿಡಲ್ಲ. ಎಂಟು ವರ್ಷ ಅನ್ನ ಹಾಕಿದ್ದಕ್ಕೆ ಇದಾ?”

“ಕೂತ್ಕೊಳ್ರಿ!” ಈ ಸಲ ನ್ಯಾಯಾಧೀಶರು ಕಾಯದೆ ಸುತ್ತಿಗೆ ಬಡಿದರು.

ಸ್ಟ್ರಿಕ್ಲರ್ ಸೋಲುವವನಲ್ಲ. “ಸ್ವಾಮಿ, ಇದು ಬರೀ ಸೊಟ್ಟ ಗೀಟು. ಇವಳು ಬಾಯಿಗೆ ಬಂದದ್ದು ಓದಿದ್ರೆ ಯಾರು ಕೇಳೋರು?”

ನ್ಯಾಯಾಧೀಶರು ತಮ್ಮ ಕಾಲಬಳಿ ಪುಟ್ಟ ಮೇಜಿನಲ್ಲಿ ಕೂತು ಬೆಳಿಗ್ಗೆಯಿಂದ ಎಲ್ಲರ ಮಾತನ್ನೂ ಬರೆದುಕೊಳ್ಳುತ್ತಿದ್ದ ಮುದುಕನ ಕಡೆ ನೋಡಿದರು. ಕೋರ್ಟಿನ ಸ್ಟೆನೊ ಪೀವಿ. ಅವನು ಅಲ್ಲಿರುವುದು ಅಷ್ಟು ಹೊತ್ತೂ ಯಾರಿಗೂ ನೆನಪಿರಲಿಲ್ಲ.

“ಓದಕ್ಕಾಗುತ್ತೇನ್ರಿ ಪೀವಿ?”

ಪೀವಿ ಕನ್ನಡಕ ಸರಿಮಾಡಿಕೊಂಡು ಪುಟ ನೋಡಿದ. “ನಾನು ಕಲ್ತಿದ್ದೂ ಇದೇ ಪದ್ಧತಿ ಸ್ವಾಮಿ. ಕೈ ಚೆನ್ನಾಗಿದೆ.”

ಅವನು ಓದತೊಡಗಿದ. ಮೂವತ್ತು ವರ್ಷ ಕೊಲೆ, ಆಸ್ತಿ, ಜಾಗದ ತಕರಾರು ಎಲ್ಲವನ್ನೂ ಒಂದೇ ದನಿಯಲ್ಲಿ ಓದಿದ ಗಂಟಲು ಅದು, ಏರಿಲ್ಲ, ಇಳಿವಿಲ್ಲ.

“ಗಿಲ್: ಟೋಪಿ ಬಿಟ್ಟು ಹೋಗು, ಅದನ್ನ ಕೊಡಿಸಿದ್ದು ನಾನು. ಲೊರೀನ್: ಟೋಪಿ ನೀನೇ ಇಟ್ಕೊ, ತಲೆ ನಂದು.”

ಹಿಂದಿನ ಬೆಂಚಿನಲ್ಲಿ ಯಾರೋ ನಗಲು ಹೊರಟು, ಆ ದನಿಗೆ ನಗು ಕೂಡಿಬರದೆ ಕೆಮ್ಮಿದರು.

“ಲೊರೀನ್: ನನ್ನ ಹಾಳೆ ಕೊಡು, ಹೋಗ್ತೀನಿ. ಗಿಲ್: ಡ್ರಾಯರಲ್ಲಿದೆ, ತಗೋ. ಲೊರೀನ್: ಗಿಲ್, ಕೈ. ಗಿಲ್, ನನ್ನ ಕೈ. ತೆಗಿ. ತೆಗಿಯೋ. ಗಿಲ್: ಎಲ್ಲಿಗೆ ಹೋಗ್ತೀಯ ಹೇಳು ಮೊದ್ಲು. ಲೊರೀನ್: ಎಲ್ಲಿಗೂ ಇಲ್ಲ. ಎಲ್ಲಿಗೂ ಹೋಗಲ್ಲ. ತೆಗಿ.”

ಪೀವಿ ಪುಟ ತಿರುವಿದ.

“ಲೊರೀನ್: ಇದನ್ನ ಬರ್ಕೋಬೇಡ ವೀಡಾ.”

ನ್ಯಾಯಾಧೀಶರು ಮುಂದೆ ಬಾಗಿದರು. ಆಟವಾಡುವವರು ಬರೆದುಕೊಳ್ಳುವವಳಿಗೆ ಬೇಡ ಎನ್ನುವುದಿಲ್ಲ. ಅದನ್ನು ಯಾರೂ ಅವರಿಗೆ ಬಿಡಿಸಿ ಹೇಳಬೇಕಾಗಲಿಲ್ಲ. ಸ್ಟ್ರಿಕ್ಲರ್ ತನ್ನ ಕಾಗದಗಳನ್ನು ಜೋಡಿಸುವ ನೆಪ ಮಾಡಿದ.

“ಮುಂದೆ?”

“ಗಿಲ್: ಬರ್ಕೊ ಬರ್ಕೊ. ಇದಕ್ಕೆ ಜನ ನಗ್ತಾರೆ.” ಪೀವಿ ತಲೆ ಎತ್ತಿದ. “ಇಲ್ಲಿ ಅಂಚಲ್ಲಿ ಒಂದು ಕತ್ತರಿ ಗುರುತು ಹಾಕಿದ್ದಾರೆ ಸ್ವಾಮಿ. ಇದು ಅಕ್ಷರ ಅಲ್ಲ. ಇದೇನು ಅಂತ ನನಗೆ ತಿಳೀಲಿಲ್ಲ.”

“ಮಿಸ್ ಕಿಂಬಲ್?”

“ಅದು ನಗು ಬರೋ ಜಾಗ ಸ್ವಾಮಿ. ಎಲ್ಲಿ ಜನ ನಗ್ತಾರೋ ಅಲ್ಲೆಲ್ಲ ಗುರುತು ಹಾಕು ಅಂತ ಮಿಸ್ಟರ್ ಹೋಲ್ಕಂಬ್ ಹೇಳಿದ್ರು.”

“ಹಾಕಿದ್ದು ಯಾರು?”

“ನಾನು.”

ಯಾರೂ ನಗಲಿಲ್ಲ. ನ್ಯಾಯಾಧೀಶರು ಬಹಳ ಹೊತ್ತು ಗಿಲ್‌ನನ್ನೇ ನೋಡಿದರು. ಆಮೇಲೆ ಅವರ ದೃಷ್ಟಿ ಎಡಗಡೆಯ ಮೇಜಿನ ಮೇಲಿದ್ದ ಬೂದು ಕೈಗವಸಿನ ಮೇಲೆ ಬಿತ್ತು. ಫೆಬ್ರವರಿಯಲ್ಲಿ ತಾವು ಎಲ್ಲೆಲ್ಲಿ ನಕ್ಕಿದ್ದೆವೆಂದು ಅವರಿಗೆ ನೆನಪಾಗಿರಬೇಕು. ಮುಖ ಕೆಂಪಾಯಿತು. ಫಿರ್ಯಾದಿಯ ಕೋರಿಕೆಯನ್ನು ಒಪ್ಪಲಾಗಿದೆ ಎಂದು ಚುಟುಕಾಗಿ ಹೇಳಿ ಎದ್ದುಹೋದರು.

ಗಿಲ್ ಹೊರಗೆ ಹೋಗುವಾಗ ವೀಡಾಳ ಪಕ್ಕದಲ್ಲಿ ಒಂದು ಕ್ಷಣ ನಿಂತ. “ಆ ಸಾಲು ಚೆನ್ನಾಗಿತ್ತು,” ಎಂದ ಹಲ್ಲು ಕಚ್ಚಿ, “ಬರ್ಕೋಬೇಡ ಅನ್ನೋದು. ಅದನ್ನ ಬಿಟ್ಟು ಟೈಪ್ ಮಾಡಿದ್ದೀಯಲ್ಲ, ಕತ್ತೆ.”

ವೀಡಾ ಮೊಗಸಾಲೆಗೆ ಬಂದಾಗ ಲೊರೀನ್ ಕಿಟಕಿಯ ಬಳಿ ಒಬ್ಬಳೇ ಇದ್ದಳು. ಬಲಗೈಯ ಗವಸಿನ ಗುಂಡಿ ಬಿಚ್ಚಿಹೋಗಿತ್ತು. ಎಡಗೈಯಿಂದ ಅದನ್ನು ಹಾಕಲು ನೋಡುತ್ತಿದ್ದಳು. ಆ ಕೈಯ ಎರಡು ಬೆರಳು ಮಡಚುತ್ತಿರಲಿಲ್ಲ, ಗುಂಡಿ ಜಾರಿ ಜಾರಿ ಹೋಗುತ್ತಿತ್ತು.

“ಕೊಡಿ ಮೇಡಂ, ನಾನು ಹಾಕ್ತೀನಿ.”

ಲೊರೀನ್ ಕೈ ಹಿಂದಕ್ಕೆ ಎಳೆದುಕೊಂಡಳು.

“ನಾಲ್ಕು ಅಡಿ ದೂರದಲ್ಲಿದ್ದೆ ನೀನು” ಎಂದಳು. ದನಿ ಏರಲಿಲ್ಲ. “ಪೆನ್ಸಿಲು ಕೆಳಗಿಡಬಹುದಿತ್ತು.”

“ಹೌದು ಮೇಡಂ.”

“ಬೇಡ ಅಂದೆನಲ್ಲೇ. ಅದನ್ನೂ ಬರ್ಕೊಂಡೆ.”

ವೀಡಾಳ ಚೀಲದಲ್ಲಿ ಈಗ ಸ್ಯಾಂಡ್‌ವಿಚ್ಚಿನ ಪೊಟ್ಟಣ ಮಾತ್ರ ಇತ್ತು. ಅದನ್ನು ಎದೆಗೆ ಒತ್ತಿಕೊಂಡು ನಿಂತಳು.

ಲೊರೀನ್ ಅವಳತ್ತ ಮತ್ತೆ ನೋಡಲಿಲ್ಲ. ಕಿಟಕಿಯ ಕಡೆ ತಿರುಗಿ, ಮಣಿಕಟ್ಟನ್ನು ಬಾಯಿಗೆ ತಂದು, ಗುಂಡಿಯನ್ನು ಹಲ್ಲಿನಲ್ಲಿ ಕಚ್ಚಿ ಎಳೆದು, ಎರಡನೆಯ ಸಲಕ್ಕೆ ಅದನ್ನು ತೂತಿನೊಳಗೆ ಕೂರಿಸಿದಳು.